ನೀರು ಕುಡಿದ ಉಪ್ಪು

ಮೀನಿನ ವಾಸನೆ ಬಂದರೆ ಬೇರೆಯವರಿಗೆ ಸಾರು ನೆನಪಾಗುತ್ತದೆ. ನನಗೆ ನೆನಪಾಗುವುದು ಮಧುಗಿರಿಯ ಕೆಮಿಸ್ಟ್ರಿ ಲ್ಯಾಬು. ಮೊನ್ನೆ ಕೊರಟಗೆರೆ ಬಸ್ ನಿಲ್ದಾಣದ ಹೊರಗೆ, ಮಳೆ ಆಗಷ್ಟೇ ನಿಂತಿತ್ತು, ಒಬ್ಬಾಕೆ ಕೆರೆಮೀನನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದುಕೊಂಡು ಕೂತಿದ್ದಳು. ಹಸಿ ಗಾಳಿಯಲ್ಲಿ ಆ ವಾಸನೆ ನೇರ ಬಂದು ಮೂಗಿಗೆ ಹೊಡೆಯಿತು. ಮೀಥೈಲ್ ಇಮಿಡಜೋಲ್ ಎಂಬ ರಾಸಾಯನಿಕದ ವಾಸನೆಯೂ ಹೆಚ್ಚುಕಡಿಮೆ ಹಾಗೆಯೇ. ಮೊದಲು ಮೀನು, ಅದರ ಹಿಂದೆಯೇ ಒಂದಿಷ್ಟು ಗಂಜಲ. ಪಾಠ ಮಾಡುವ ಪಿಯು ಕಾಲೇಜಿಗೆ ಹೊತ್ತಾಗುತ್ತಿದ್ದರೂ ನಾನು ಅಲ್ಲೇ ನಿಂತುಬಿಟ್ಟೆ. "ಕೆಜಿ ಬೇಕಾ, ಅರ್ಧ ಸಾಕಾ?" ಎಂದು ಆಕೆ ಕೇಳಿದಳು. ನಾನು ಮೀನು ತಿನ್ನುವವಳಲ್ಲ. ಅದನ್ನು ಹೇಳಿದರೆ ಮತ್ತೆ ಯಾಕೆ ನಿಂತೆ ಎನ್ನುತ್ತಾಳೆ. ಸುಮ್ಮನೆ ಹೊರಟೆ.

ಅದು ನನ್ನ ಎಂಎಸ್ಸಿಯ ಕೊನೆಯ ಸೆಮಿಸ್ಟರು. ಕೊರೊನಾ ಬಂದು ಹೋದ ಮೇಲೆ ಪರೀಕ್ಷೆಗಳೆಲ್ಲ ಹಿಂದುಮುಂದಾಗಿ, ಬೇಸಿಗೆಯಲ್ಲಿ ಮುಗಿಯಬೇಕಾದದ್ದು ಮಳೆಗಾಲಕ್ಕೆ ಬಂದು ನಿಂತಿತ್ತು. ಆ ಸಲದ ಮಳೆಯೋ, ನಮ್ಮ ಸೀಮೆಯವರು ಹೆದರುವಷ್ಟು ಬಂತು. ಕಳ್ಳಂಬೆಳ್ಳದ ಕೆರೆ ಕೋಡಿ ಬಿತ್ತೆಂದು ಹುಡುಗರು ಬೈಕಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದು ಓಡಿ ಬೆಳೆದ ನಾನು ಜೀವಮಾನದಲ್ಲೇ ಮೊದಲ ಸಲ ಛತ್ರಿ ಕೊಂಡೆ. ಊರೆಲ್ಲ ಮಳೆಗೆ ಕೈ ಮುಗಿಯುತ್ತಿತ್ತು. ಇಡೀ ಮಧುಗಿರಿಯಲ್ಲಿ ಗಾಳಿಯಲ್ಲಿರುವ ನೀರನ್ನು ಬೈಯುತ್ತಿದ್ದವಳು ನಾನೊಬ್ಬಳೇ ಇರಬೇಕು.

ನನ್ನ ಊರು ಪಾವಗಡ ತಾಲ್ಲೂಕಿನಲ್ಲಿ, ನಾಗಲಮಡಿಕೆಯ ಹತ್ತಿರ. ಅಲ್ಲಿನ ನಾಗದೇವರ ಹೆಸರಿನಿಂದಲೇ ನನಗೆ ನಾಗವೇಣಿ ಎಂದು ಇಟ್ಟಿದ್ದು. ಅಪ್ಪ ಸೋಲಾರ್ ಪ್ಲೇಟು ತೊಳೆಯುವ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ಬೇರೆಯವರ ಹೊಲದಲ್ಲಿ ಕಡಲೆಕಾಯಿ ಕೀಳಲು ಹೋಗುತ್ತಾರೆ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಹತ್ತನೇ ತರಗತಿ ದಾಟಿದವರು ಯಾರೂ ಇಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳಲಿಕ್ಕೆ ಇದನ್ನು ಹೇಳುತ್ತಿಲ್ಲ. ಹೇಳಿಕೊಳ್ಳುವ ಹಕ್ಕಿದೆ, ಹೇಳಿಕೊಳ್ಳುತ್ತಿದ್ದೇನೆ.

ಪ್ರಾಜೆಕ್ಟು ಹಂಚುವ ದಿನವೇ ಜಗಳ ಶುರುವಾಯಿತು. ನಮ್ಮ ಗೈಡು ರುದ್ರೇಶ್ ಸರ್. ಒಳ್ಳೆಯ ಮನುಷ್ಯ, ಯಾರನ್ನೂ ಫೇಲು ಮಾಡಿದವರಲ್ಲ. ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾ ಬಂದರು.

"ನಾಗವೇಣಿ, ನೀನು ಪಾವಗಡದೋಳಲ್ವಾ? ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅಳಿ. ಸ್ಯಾಂಪಲ್‌ಗೆ ಎಲ್ಲೂ ಅಲೀಬೇಕಾಗಿಲ್ಲ."

"ಸ್ಯಾಂಪಲ್ ನನ್ ಬಾಯಲ್ಲೇ ಐತೆ ಸರ್," ಎಂದೆ.

ಕ್ಲಾಸು ನಕ್ಕಿತು. ನಾನೂ ನಕ್ಕೆ, ಎಲ್ಲ ಹಲ್ಲೂ ಕಾಣುವ ಹಾಗೆ. ನಮ್ಮೂರ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲು ಹೇಗಿರುತ್ತದೆಂದು ಆ ಕಡೆ ಹೋದವರಿಗೆ ಗೊತ್ತು. ಹಳದಿ, ನಡುನಡುವೆ ಕಂದು ಗೀಟು. ಡಿಗ್ರಿ ಮೊದಲ ವರ್ಷದಲ್ಲಿ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆ. ಆಮೇಲೆ ಬಿಟ್ಟೆ. ನಗುವಷ್ಟು ಸಿಕ್ಕಿದ್ದೇ ಹೆಚ್ಚು, ಅದಕ್ಕೂ ಮುಚ್ಚಳ ಯಾಕೆ?

ಫ್ಲೋರೈಡ್ ಅಳೆಯುವುದು ಸಣ್ಣ ಕೆಲಸ ಎಂದು ನಾನು ಹೇಳುವುದಿಲ್ಲ. ಆದರೆ ಪಾವಗಡದ ಹುಡುಗಿಗೆ ಫ್ಲೋರೈಡು, ಶಿರಾ ಹುಡುಗಿಗೆ ಕಡಲೆಕಾಯಿ ಎಣ್ಣೆ, ಬುಕ್ಕಾಪಟ್ಟಣದ ಹುಡುಗನಿಗೆ ಮಣ್ಣು, ಹೀಗೆ ಊರು ನೋಡಿ ವಿದ್ಯೆ ಹಂಚುವುದು ನನಗೆ ಹಿಡಿಸಲಿಲ್ಲ. ನನ್ನೂರಿನ ಆಚೆಯದೂ ಒಂದಿಷ್ಟು ನನಗೆ ಬೇಕಿತ್ತು. ಮೂರನೇ ಸೆಮಿಸ್ಟರಿನಲ್ಲಿ ಅಯಾನಿಕ್ ದ್ರವಗಳ ಬಗ್ಗೆ ಅರ್ಧ ಪುಟದ ಪಾಠವಿತ್ತು. ಅದೇ ತಲೆಯಲ್ಲಿ ಕೂತಿತ್ತು.

"ಅದು ದೊಡ್ಡ ದೊಡ್ಡ ಲ್ಯಾಬಿನೋರು ಮಾಡೋ ಕೆಲಸ ಕಣಮ್ಮ," ಎಂದರು ಸರ್.

"ಅವ್ರ ಲ್ಯಾಬಲ್ಲಿ ಉಪ್ಪು ಬೇರೆ ತರ ಕರಗುತ್ತಾ ಸರ್?"

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಸೋತಾಗ ಮಾಡುತ್ತಿದ್ದದ್ದು ಅದನ್ನೇ.

ಅಯಾನಿಕ್ ದ್ರವ ಎಂದರೆ ಉಪ್ಪೇ. ಆದರೆ ನೀರಿಲ್ಲದೆ, ಬೆಂಕಿಯಿಲ್ಲದೆ, ತಾನೇ ದ್ರವವಾಗಿರುವ ಉಪ್ಪು. ಅಡುಗೆ ಉಪ್ಪಿನಲ್ಲಿ ಧನ ಅಯಾನೂ ಋಣ ಅಯಾನೂ ಗುಂಡಗೆ, ಚಿಕ್ಕದಾಗಿ ಇರುತ್ತವೆ. ಒಂದರ ಪಕ್ಕ ಒಂದು ಇಟ್ಟಿಗೆ ಪೇರಿಸಿದ ಹಾಗೆ ಕೂತು ಹರಳಾಗುತ್ತವೆ. ನಾನು ಮಾಡಲು ಹೊರಟ ಉಪ್ಪಿನಲ್ಲಿ ಧನ ಅಯಾನಿಗೆ ಒಂದು ಬಳೆ, ಆ ಬಳೆಗೊಂದು ಬಾಲ. ಸೊಟ್ಟ ಆಕಾರ. ಸೀಮೆಜಾಲಿ ಕೊಂಬೆಗಳನ್ನು ಗಾಡಿಗೆ ಒತ್ತಾಗಿ ತುಂಬಲು ನೋಡಿ, ಆಗುವುದಿಲ್ಲ. ಎಷ್ಟು ಒತ್ತಿದರೂ ನಡುವೆ ಸಂದು ಉಳಿಯುತ್ತದೆ, ಅಲ್ಲಾಡುತ್ತದೆ. ಈ ಅಯಾನುಗಳೂ ಹಾಗೆಯೇ. ಒಂದನ್ನೊಂದು ಬಲವಾಗಿ ಎಳೆಯುತ್ತವೆ, ಆದರೆ ಸಾಲಾಗಿ ಕೂರಲಾರವು. ಹಾಗಾಗಿ ಗಟ್ಟಿಯಾಗದೆ ಮಂದವಾಗಿ ಹರಿಯುತ್ತವೆ. ಇದಕ್ಕೆ ನೀರು ಬೆರೆಸುತ್ತಾ ಹೋದರೆ ಒಳಗೆ ಏನೇನಾಗುತ್ತದೆ ಎಂದು ನೋಡುವುದು ನನ್ನ ಪ್ರಾಜೆಕ್ಟು.

ದ್ರವವನ್ನು ಕೊಂಡುಕೊಳ್ಳುವ ಮಾತೇ ಇರಲಿಲ್ಲ, ಮಾಡಿಕೊಳ್ಳಬೇಕಿತ್ತು. ಮೀಥೈಲ್ ಇಮಿಡಜೋಲಿಗೆ ಇನ್ನೊಂದು ರಾಸಾಯನಿಕವನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ, ಬಿಸಿಯೇರದ ಹಾಗೆ ಕಾಯುತ್ತಾ ಕೂತೆ. ಲ್ಯಾಬಿನ ತುಂಬಾ ಆ ಮೀನಿನ ವಾಸನೆ. ನನ್ನ ರೂಮಿನ ಜೊತೆಗಾತಿ ಶಬಾನಾ ಶಿರಾದವಳು, ಪೇಟೆಯಲ್ಲಿ ಅವರಪ್ಪನ ಪಾತ್ರೆ ಅಂಗಡಿ. ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು.

"ಯಾ ಅಲ್ಲಾ, ಇಲ್ಲೇನ್ ಮೀನ್ ಹುರೀತಿದ್ಯೇನೇ?"

"ಬಾ, ನಿಂಗೂ ಎರಡು ತುಂಡು ಎತ್ತಿಟ್ಟಿದೀನಿ."

"ನಿನ್ ಬಟ್ಟೆ ರೂಮಿಗೆ ತರ್ಬ್ಯಾಡ. ಹೊರಗೇ ಬಿಚ್ಚಿ ಬಾ."

"ಹೊರಗೆ ಬಿಚ್ಚಿದ್ರೆ ಬೆಟ್ಟ ನೋಡಕ್ಕೆ ಬಂದೋರು ನನ್ನ ನೋಡ್ಕಂಡು ನಿಲ್ತಾರೆ ಕಣೇ."

ಮಧುಗಿರಿಯಲ್ಲಿ ಎಲ್ಲಿ ನಿಂತರೂ ಆ ಒಂಟಿ ಬಂಡೆಬೆಟ್ಟ ಎದುರಿಗೆ ಇರುತ್ತದೆ. ಆ ಮಳೆಗಾಲದಲ್ಲಿ ಅದರ ಮೈಮೇಲೆಲ್ಲ ನೀರಿನ ಗೆರೆ ಹೊಳೆಯುತ್ತಿತ್ತು. ಲ್ಯಾಬಿನ ಕಿಟಕಿಯಿಂದ ಅದನ್ನೇ ನೋಡುತ್ತಾ ವಾರಗಟ್ಟಲೆ ಕೆಲಸ ಮಾಡಿದೆ. ಎರಡನೇ ಹಂತ ಮುಗಿದು, ತೊಳೆದು, ಸೋಸಿ, ಕೊನೆಗೆ ವ್ಯಾಕ್ಯೂಮ್ ಪಂಪಿಗೆ ಹಾಕಿ ಒಳಗಿನ ತೇವವನ್ನೆಲ್ಲ ಎಳೆಸಿದಾಗ, ಕಡಲೆಕಾಯಿ ಎಣ್ಣೆಗಿಂತ ತುಸು ಮಂದವಾದ, ತಿಳಿ ಹಳದಿ ಬಣ್ಣದ ದ್ರವ ಬಾಟಲಿಯಲ್ಲಿ ನಿಂತಿತ್ತು. ಮೂಗಿಗೆ ಹಿಡಿದೆ, ಏನೂ ವಾಸನೆಯಿಲ್ಲ. ಅಷ್ಟು ನಾರುವುದರಿಂದ ಹುಟ್ಟಿದ್ದು ಇಷ್ಟು ಸುಮ್ಮನಿತ್ತು.

ಇದಕ್ಕೊಂದೇ ಚಾಳಿ. ಗಾಳಿಗೆ ಇಟ್ಟರೆ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಜಾಡಿಯ ಉಪ್ಪು ನೀರು ಬಿಟ್ಟುಕೊಳ್ಳುತ್ತದಲ್ಲ, ಇದು ಅದರ ಅಪ್ಪ. ಕಣ್ಣಿಗೆ ಏನೂ ಕಾಣುವುದಿಲ್ಲ, ಒಳಗೆ ಎಲ್ಲ ಬದಲಾಗಿರುತ್ತದೆ. ಹಾಗಾಗಿ ಬಾಟಲಿಯ ಮುಚ್ಚಳ ಬಿಗಿದು, ತೇವ ಹೀರುವ ನೀಲಿ ಹರಳು ತುಂಬಿದ ಗಾಜಿನ ಪಾತ್ರೆಯೊಳಗೆ ಇಟ್ಟು, ಅದರ ಬಾಯಿಗೆ ಗ್ರೀಸು ಬಳಿದು ಮುಚ್ಚಿದೆ. ಮುಚ್ಚುವ ಮುಂಚೆ ಬಾಟಲಿಯ ತೂಕ ನೋಡಿದೆ. ಒಣಗಿದ ದ್ರವ ಗಾಜಿನ ಕೊಳವೆಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದೂ ಅಳೆದಿಟ್ಟೆ. ಇನ್ನು ಸ್ವಲ್ಪಸ್ವಲ್ಪವೇ ನೀರು ಬೆರೆಸುತ್ತಾ ಹೋಗುವುದು, ಪ್ರತಿ ಸಲವೂ ಅಳೆಯುವುದು. ಅಷ್ಟರಲ್ಲಿ ಆಯುಧ ಪೂಜೆ ಬಂತು. ರಜಕ್ಕೆ ಊರಿಗೆ ಹೋದೆ.

ರಜ ಮುಗಿಸಿ ಬಂದಾಗ ಲ್ಯಾಬು ಗುರುತೇ ಸಿಗಲಿಲ್ಲ. ತಕ್ಕಡಿಗೆ ವಿಭೂತಿ, ಓವನ್ನಿಗೆ ಕುಂಕುಮ, ಬರ್ನರುಗಳಿಗೆಲ್ಲ ಚೆಂಡುಹೂವು. ನಡುಮೇಜಿನ ಮೇಲೆ ಶಿವನ ಫೋಟೋ. ಅದರ ಮುಂದೆ, ಎಲ್ಲಕ್ಕಿಂತ ಮುಂದೆ, ನನ್ನ ಬಾಟಲಿ. ಮೇಲೆ ಒಂದು ತೆಳ್ಳನೆ ಬಿಳಿ ಬಟ್ಟೆ. ಮುಚ್ಚಳ ಪಕ್ಕದಲ್ಲಿತ್ತು, ಅದಕ್ಕೂ ಒಂದು ಬೊಟ್ಟು.

ಅಟೆಂಡರ್ ಸಿದ್ದಲಿಂಗಣ್ಣ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು, ಖುಷಿಪಡುತ್ತಾಳೆ ಎಂದು.

"ಸಿದ್ದಲಿಂಗಣ್ಣ, ಇದನ್ನ ಯಾವಾಗ ತೆಗ್ದಿದ್ದು?"

"ಪೂಜೆ ದಿನ ಬೆಳಿಗ್ಗೆ ಕಣಮ್ಮ. ಬಾಕಿ ಎಲ್ಲಾ ಅಂಗಡಿಯಿಂದ ಬಂದವು. ಈ ಲ್ಯಾಬಲ್ಲಿ ಹುಟ್ಟಿದ್ದು ಇದೊಂದೇಯಾ. ಅದ್ಕೇ ಮುಂದ್ಕಿಟ್ಟೆ."

"ಮುಚ್ಚಳ ಯಾಕೆ ತೆಗ್ದ್ರಿ?"

"ಪೂಜೆಗಿಟ್ಟಿದ್ದು ಬಾಯಿ ಮುಚ್ಕೊಂಡಿರಬಾರ್ದು. ನಮ್ಮನೇಲಿ ರಾಗಿ ಡ್ರಮ್ಮು, ಹಿಟ್ಟಿನ ಡಬ್ಬ, ಎಲ್ಲಾದ್ರದ್ದೂ ಬಾಯಿ ತೆಗ್ದೇ ಇಡೋದು. ಇಟ್ಟಿದ್ದನ್ನ ರಜ ಮುಗಿಯೋಗಂಟ ಕದಲಿಸಂಗಿಲ್ಲ. ನೊಣ ಬೀಳ್ದಿರ್ಲಿ ಅಂತ ಬಟ್ಟೆ ಹೊದಿಸ್ದೆ." ನನ್ನ ಮುಖ ನೋಡಿ ಅವರ ಮಾತು ಸಣ್ಣಗಾಯಿತು. "ಏನಾರ ಆಗ್ಬುಡ್ತಾ?"

"ತೀರ್ಥ ಏನಾದ್ರೂ ಚಿಮುಕಿಸಿದ್ರಾ?"

"ಇಲ್ಲ ಕಣಮ್ಮ. ಕರೆಂಟಿನ ಸಾಮಾನು ಇರೋ ಕಡೆ ನೀರ್ ಹಾಕ್ಬ್ಯಾಡಿ ಅಂತ ಸರ್ ಹೇಳಿದ್ರು."

ಬೈಯಲು ಬಾಯಿ ತೆರೆದಿದ್ದೆ. ಆದರೆ ಏನೆಂದು ಬೈಯುವುದು? ಆ ಕಟ್ಟಡದಲ್ಲಿ ನಾನು ಮಾಡಿದ್ದಕ್ಕೆ ಮೊದಲು ಕೈ ಮುಗಿದವರು ಅವರು. ಬಾಟಲಿಯ ಕುಂಕುಮ ಒರೆಸಿ ತೂಕಕ್ಕಿಟ್ಟೆ. ತೂಕ ಏರಿತ್ತು. ನಾಲ್ಕು ದಿನದ ಮಳೆಗಾಳಿಯನ್ನು ಅದು ಹೊಟ್ಟೆ ತುಂಬಾ ಕುಡಿದಿತ್ತು. ಬಾಟಲಿ ಓರೆ ಮಾಡಿದರೆ ಮೊದಲಿನ ಹಾಗೆ ಸೋಮಾರಿಯಾಗಿ ಸರಿಯಲಿಲ್ಲ, ಸರಕ್ಕನೆ ಹರಿಯಿತು.

ಮತ್ತೆ ಒಣಗಿಸಬಹುದಿತ್ತು. ಆದರೆ ಆ ವಾರವೇ ಪಂಪು ಕೆಟ್ಟು ರಿಪೇರಿಗೆ ತುಮಕೂರಿಗೆ ಹೋಗಿತ್ತು. ಬರುವುದು ವೈವಾ ಆದ ಮೇಲೆ ಎಂದರು. ಹೊಸದಾಗಿ ಮಾಡೋಣವೆಂದರೆ ರಾಸಾಯನಿಕ ಮುಗಿದಿತ್ತು.

ರುದ್ರೇಶ್ ಸರ್ ನನ್ನನ್ನು ಕೂರಿಸಿಕೊಂಡು ಸಮಾಧಾನದಿಂದಲೇ ಹೇಳಿದರು. "ಇದಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯ? ಇದೇ ದ್ರವದ ಮೇಲೆ ಬೇಕಾದಷ್ಟು ರಿಸರ್ಚ್ ಪೇಪರ್ ಬಂದವೆ. ಅವ್ರ ನಂಬರ್ ತಗೋ, ಕೊನೇ ಅಂಕಿ ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಮ್ಮಿ ಮಾಡು, ಟೇಬಲ್ ಹಾಕು. ಎಲ್ರೂ ಮಾಡೋದು ಅದೇಯಾ."

"ಅದು ಅವ್ರು ಅಳೆದಿದ್ದು ಸರ್."

"ಸತ್ಯ ಎಲ್ಲಾ ಕಡೆ ಒಂದೇ ಅಲ್ವಾ? ನೀನ್ ಅಳೆದಿದ್ರೂ ಅದೇ ಬರ್ತಿತ್ತು."

"ಬರ್ತಿತ್ತೋ ಏನೋ. ಅಳೆದಿಲ್ವಲ್ಲ."

"ನೋಡು, ನಿನ್ ಒಳ್ಳೇದಕ್ಕೇ ಹೇಳ್ತಿರೋದು. ಅರ್ಧಂಬರ್ಧ ಪ್ರಾಜೆಕ್ಟ್ ತಗೊಂಡೋದ್ರೆ ಹೊರಗಿಂದ ಬರೋ ಎಕ್ಸಾಮಿನರ್ ತೆಗೆದು ಬಿಸಾಕ್ತಾರೆ. ಪ್ರಾಜೆಕ್ಟ್ ಹೋದ್ರೆ ವರ್ಷ ಹೋಯ್ತು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವರ್ಷ ಹೋದರೆ ನನ್ನ ಓದೂ ಹೋದ ಹಾಗೆಯೇ. ಎಂಎಸ್ಸಿಗೆ ಸೇರುವಾಗಲೇ ಅಮ್ಮನಿಂದ ಎರಡು ವರ್ಷದ ಗಡುವು ಪಡೆದು ಬಂದಿದ್ದೆ. ಮೂರನೆಯದನ್ನು ಕೇಳುವ ಬಾಯಿ ನನಗಿರಲಿಲ್ಲ. ಸಂಜೆ ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅಯಾನು ಗಿಯಾನು ಅವರಿಗೆ ಬೇಕಿರಲಿಲ್ಲ, ವಿಷಯ ಮಾತ್ರ ತಕ್ಷಣ ಹಿಡಿದರು.

"ಅಂದ್ರೆ, ಬೇರೆಯೋರ್ ತೊಳ್ದಿರೋ ಪ್ಲೇಟು ನಾನ್ ತೊಳ್ದೆ ಅಂತ ಬರ್ಸಂಗೆ."

"ಊಂ. ಅಂಗೇ."

"ಚೂಡಮ್ಮಾ, ನೋಡು, ಅಂಗ್ ಬರ್ಸೋರು ನಮ್ಮಲ್ಲೂ ಅವ್ರೆ. ಚೆನ್ನಾಗೇ ಅವ್ರೆ." ಆಮೇಲೆ ಅಮ್ಮನಿಗೆ ಕೇಳದ ಹಾಗೆ ದನಿ ತಗ್ಗಿಸಿದರು. "ವರ್ಷ ಹೋದ್ರೆ ನಿಮ್ಮಮ್ಮನ್ನ ಒಪ್ಪಿಸಾದು ನನ್ ಕೈಲಾಗಲ್ಲ. ಅದನ್ನ ಈಗ್ಲೇ ಹೇಳಿರ್ತೀನಿ. ಆಮೇಲೆ ನೀನುಂಟು, ನಿನ್ ಹಟವುಂಟು."

ಧೈರ್ಯವನ್ನೂ ಹೇಳಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಆ ಮಾತೇ ನನಗೆ ಸಾಕಾಯಿತು. ಹಟ ನನ್ನದೇ ಎಂದ ಮೇಲೆ ಅದನ್ನು ನೆಟ್ಟಗೆ ಮಾಡಬೇಕು.

ದ್ರವ ಹಾಳಾಗಿಲ್ಲ, ನೀರು ಕುಡಿದಿದೆ, ಅಷ್ಟೇ ತಾನೇ? ಎಷ್ಟು ಕುಡಿದಿದೆ ಎನ್ನುವುದು ತೂಕದಿಂದ ಗೊತ್ತು. ನನ್ನ ಪ್ರಾಜೆಕ್ಟೇ ನೀರು ಬೆರೆಸುವುದು. ಮೊದಲ ಪಾಲನ್ನು ನನ್ನ ಬದಲು ಮಳೆಗಾಲ ಬೆರೆಸಿದೆ ಎಂದುಕೊಂಡೆ. ಅದು ನಿಲ್ಲಿಸಿದ ಕಡೆಯಿಂದ ನಾನು ಶುರು ಮಾಡುತ್ತೇನೆ. ಪೂರ್ತಿ ಒಣಗಿದ್ದಾಗಿನ ಒಂದು ಅಳತೆ ಕೈಯಲ್ಲಿದೆ. ಆಮೇಲೆ ಒಂದಿಷ್ಟು ಜಾಗ ಖಾಲಿ. ಅದರಾಚೆ ಎಲ್ಲ ನನ್ನದೇ.

ಅಲ್ಲಿಂದ ಮುಂದಿನ ದಿನಗಳು ನನ್ನ ಓದಿನ ಕಾಲದಲ್ಲೇ ಚೆನ್ನಾಗಿದ್ದವು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಬೀಗ ಹಾಕುವವರೆಗೆ ಇರುತ್ತಿದ್ದೆ. ಬೆರೆಸುವುದು, ತೂಗುವುದು, ಗಾಜಿನ ಕೊಳವೆಯಲ್ಲಿ ಮೇಲಕ್ಕೆ ಎಳೆದು ಕೆಳಗಿಳಿಯಲು ಬಿಡುವುದು. ಶಬಾನಾಳ ಪ್ರಾಜೆಕ್ಟು ಮುಗಿದಿತ್ತು. ನನ್ನನ್ನು ದಿನಾ ಹುಚ್ಚಿ ಎಂದು ಬೈಯುತ್ತಲೇ ಬಂದು ಸ್ಟಾಪ್‌ವಾಚು ಹಿಡಿಯುತ್ತಿದ್ದಳು.

"ಸರ್ ಅಷ್ಟು ಚೆಂದ ರಸ್ತೆ ತೋರ್ಸವ್ರೆ. ಆರಾಮಾಗಿ ಟೇಬಲ್ ಹಾಕ್ಕಂಡು ಮಲಗೋದ್ ಬಿಟ್ಟು."

"ನಿನ್ ಕಡಲೆಕಾಯಿ ಎಣ್ಣೇಲಿ ನೀನೇನ್ ಮಾಡ್ದೆ?"

"ನಾನಾ? ನಾನ್ ಪಕ್ಕಾ ಅಳೆದಿದೀನಪ್ಪಾ. ನಮ್ ಮನೇದೇ ಎಣ್ಣೆ. ಉಳಿದಿದ್ರಲ್ಲಿ ಬೋಂಡಾನೂ ಮಾಡ್ದೆ." ಕೊಳವೆಯ ಮೇಲಿನ ಗುರುತನ್ನೇ ದಿಟ್ಟಿಸುತ್ತಿದ್ದಳು. "ಬಂತು, ಬಂತು, ನಿಲ್ಸ್ದೆ. ಬರ್ಕೋ."

ನೀರು ಹೆಚ್ಚಾದ ಹಾಗೆ ದ್ರವ ತೆಳ್ಳಗಾಗುತ್ತಾ ಹೋಯಿತು. ವಿದ್ಯುತ್ತು ಹರಿಯುವುದನ್ನು ಅಳೆಯುವ ಮೀಟರಿನಲ್ಲಿ ಅಂಕಿ ಏರುತ್ತಾ ಹೋಯಿತು. ಒಂದು ಮಧ್ಯಾಹ್ನ ಮಾತ್ರ ನೀರು ಹಾಕಿದರೂ ಅಂಕಿ ಏರಲಿಲ್ಲ. ಇನ್ನೊಂದಿಷ್ಟು ಹಾಕಿದೆ. ಇಳಿಯಿತು.

"ಮೀಟರ್ ಕೆಟ್ಟೋಯ್ತಾ?" ಎಂದಳು ಶಬಾನಾ.

"ಇಲ್ಲ ಕಣೇ. ತಿರುಗ್ತು."

ಪುಸ್ತಕದಲ್ಲಿ ಓದಿದ್ದೆ, ಆದರೆ ಓದಿದ್ದೇ ಬೇರೆ. ನನ್ನ ಕೈಯಲ್ಲಿ ತಿರುಗಿದ್ದೇ ಬೇರೆ. ಒಳಗೆ ಆಗುತ್ತಿದ್ದದ್ದು ಇಷ್ಟು. ಮೊದಮೊದಲು ನೀರು ತೀರಾ ಕಡಿಮೆ ಇದ್ದಾಗ, ಒಂದು ನೀರಿನ ಅಣುವಿಗೆ ಇನ್ನೊಂದು ನೀರಿನ ಅಣು ಸಿಗುವುದೇ ಇಲ್ಲ. ಅದರ ಎರಡು ಹೈಡ್ರೋಜನ್ ಕೈಗಳನ್ನು ಆ ಕಡೆ ಈ ಕಡೆ ಎರಡು ಋಣ ಅಯಾನುಗಳು ಹಿಡಿದುಕೊಂಡಿರುತ್ತವೆ. ಹಾಗೆ ಒಂಟಿಯಾಗಿ ಕೂತ ನೀರೇ ಅಯಾನುಗಳ ಹಿಡಿತವನ್ನು ಸಡಿಲಿಸತೊಡಗುತ್ತದೆ. ಇನ್ನಷ್ಟು ನೀರು ಬಂದರೆ ಅವು ಒಂದನ್ನೊಂದು ಹುಡುಕಿಕೊಂಡು ಸಣ್ಣ ಸರಪಳಿಯಾಗುತ್ತವೆ, ಗುಂಪಾಗುತ್ತವೆ, ಉಪ್ಪಿನ ನಡುವೆ ನೀರಿನ ಗುಂಡಿಗಳು ಏಳುತ್ತವೆ. ಬಿಗಿದು ನಿಂತಿದ್ದ ಅಯಾನುಗಳು ಬಿಡಿಬಿಡಿಯಾಗಿ ಓಡಾಡತೊಡಗುತ್ತವೆ, ಹಾಗಾಗಿ ವಿದ್ಯುತ್ತು ಹೆಚ್ಚು ಹರಿಯುತ್ತದೆ. ಆದರೆ ನೀರು ಅತಿಯಾದರೆ ಹೊರಲು ಅಯಾನುಗಳೇ ಸಾಲವು, ಅಂಕಿ ಇಳಿಯುತ್ತದೆ. ಆ ಏರು ಮುಗಿದು ಇಳಿ ಶುರುವಾಗುವ ನೆತ್ತಿಯನ್ನು ನಾನು ಕಂಡೆ, ಮಧುಗಿರಿಯ ಸರ್ಕಾರಿ ಮೀಟರಿನಲ್ಲಿ.

ಇದನ್ನು ಕೇಳಿದ ಒಬ್ಬ ಮೇಷ್ಟ್ರು ಆಮೇಲೆ ವೇದಿಕೆಯೊಂದರ ಮೇಲೆ, ನೋಡಿ ಸಮಾಜದಲ್ಲೂ ಹೀಗೆಯೇ, ಎಲ್ಲರೂ ಬೆರೆಯಬೇಕು, ಹಿಂದುಳಿದ ಊರಿನ ಮಕ್ಕಳು ನೀರಿನ ಹಾಗೆ ಎಂದೆಲ್ಲ ಭಾಷಣ ಮಾಡಿದರು. ನನಗೆ ಅದು ಬೇಕಿರಲಿಲ್ಲ. ನೀರು ನೀರು, ಉಪ್ಪು ಉಪ್ಪು. ನಾನು ಅಳೆದದ್ದು ಅವನ್ನು, ನನ್ನನ್ನಲ್ಲ.

ಗ್ರಾಫು ಬರೆಯುವ ದಿನ ಬಂತು. ಅಡ್ಡಕ್ಕೆ ನೀರಿನ ಪಾಲು, ಉದ್ದಕ್ಕೆ ದ್ರವದ ಮಂದತನ. ಎಡತುದಿಯಲ್ಲಿ, ಮೇಲೆ, ಪೂಜೆಗೆ ಮುಂಚಿನ ಆ ಒಂದೇ ಚುಕ್ಕಿ. ಆಮೇಲೆ ಖಾಲಿ. ಆ ಖಾಲಿ ಮುಗಿದ ಮೇಲೆ ಕೆಳಗಿಳಿಯುತ್ತಾ ಹೋಗುವ ನನ್ನ ಚುಕ್ಕಿಗಳ ಸಾಲು. ಎದುರಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

"ಕೊನೇಪಕ್ಷ ಒಂದ್ ಗೆರೆನಾದ್ರೂ ಎಳಿ," ಎಂದರು ಸರ್. "ಮೇಲಿಂದ ಕೆಳಗೆ ಜೋಡಿಸ್ಬುಡು. ಯಾರ್ ಕೇಳ್ತಾರೆ?"

"ನಾನೇ ಕೇಳ್ತೀನಲ್ಲ ಸರ್. ಆ ನಡುವೆ ಹೆಂಗಿಳೀತು ಅಂತ ನಂಗೊತ್ತಿಲ್ಲ."

ಸರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಸಹಿಯನ್ನೂ ಮಾಡಿದರು. ಅದಕ್ಕೆ ನಾನು ಇವತ್ತಿಗೂ ಋಣಿ.

ವೈವಾಕ್ಕೆ ಬಂದ ಎಕ್ಸಾಮಿನರ್ ನನ್ನ ಪ್ರಾಜೆಕ್ಟನ್ನು ಹಿಂದಿನಿಂದ ಮುಂದಕ್ಕೆ ಮಗುಚಿ, ಆ ಗ್ರಾಫಿನ ಮೇಲೆ ಬೆರಳಿಟ್ಟರು.

"ಇಲ್ಲೇನಾಗಿದೆ?"

"ಅಲ್ಲಿ ಅಳೆದಿಲ್ಲ ಸರ್."

"ಯಾಕೆ?"

"ಆಯುಧ ಪೂಜೆ ಸರ್."

ರೂಮಿನಲ್ಲಿದ್ದವರೆಲ್ಲ ನಕ್ಕರು. ನಗಲಿ ಎಂದು ಬಿಟ್ಟೆ. ನಗು ಮುಗಿದ ಮೇಲೆ, ಪೂಜೆಯಲ್ಲಿ ಬಾಟಲಿ ತೆರೆದಿತ್ತು, ದ್ರವ ಗಾಳಿಯ ತೇವ ಎಳೆದುಕೊಂಡಿತು, ಎಷ್ಟು ಎಂದು ತೂಗಿದ್ದೇನೆ, ಪಂಪು ಇರಲಿಲ್ಲ ಎಂದು ಬಿಡಿಸಿ ಹೇಳಿದೆ. ತೆರೆದವರು ಯಾರೆಂದು ಕೇಳಿದರು. ಲ್ಯಾಬು ಎಂದೆ. ಬಾಗಿಲ ಹೊರಗೆ ಟೀ ತಟ್ಟೆ ಹಿಡಿದು ಸಿದ್ದಲಿಂಗಣ್ಣ ನಿಂತಿದ್ದದ್ದು ನನಗೆ ಕಾಣುತ್ತಿತ್ತು.

"ಪೂಜೆಗಿಟ್ಟಿದ್ದ ಸ್ಯಾಂಪಲ್ಲನ್ನು ರಿಸರ್ಚ್ ಅಂತ ತಂದಿದ್ದೀಯ."

"ನೀರೆಷ್ಟಿದೆ ಅಂತ ಗೊತ್ತಿದೆ ಸರ್. ಪೂಜೆ ಮಾಡದೇ ಇರೋ ಲ್ಯಾಬಲ್ಲೂ ನೀರು ಸೇರುತ್ತೆ."

ಆಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮೊದಲ ಸಲ ಸರಿಯಾದ ಪ್ರಶ್ನೆ ಬಂತು. "ನೀರು ಸೇರಿ ನಿನ್ನ ಋಣ ಅಯಾನೇ ಒಡೆದು ಆಮ್ಲ ಆಗಿರಬಹುದಲ್ಲ? ಆಗಿಲ್ಲ ಅಂತ ಹೇಗೆ ಹೇಳ್ತೀಯ?"

"ಆಗಿಲ್ಲ ಅಂತ ಹೇಳಲ್ಲ ಸರ್. ಪಿಎಚ್ ಕಾಗದ ಅದ್ದಿ ನೋಡಿದೆ. ನೀರು ಜಾಸ್ತಿ ಇರೋ ಕೊನೆಯ ಸ್ಯಾಂಪಲ್‌ಗಳಲ್ಲಿ ತುಸು ಬಣ್ಣ ತಿರುಗ್ತು. ತಿರುಗಿದ್ದನ್ನೂ ಬರೆದಿದೀನಿ. ಅದಕ್ಕಿಂತ ಹೆಚ್ಚು ನೋಡೋ ಮಷೀನು ನಮ್ಮಲ್ಲಿಲ್ಲ."

"ಈ ಖಾಲಿ ಜಾಗಕ್ಕೆ ಪೇಪರುಗಳಲ್ಲಿ ಡೇಟಾ ಇದೆ. ಅದನ್ನಾದರೂ ಹಾಕಬಹುದಿತ್ತು. ಈಗ ನೋಡು, ನಿನ್ನ ಕೆಲಸ ಅಪೂರ್ಣ."

"ಹೌದು ಸರ್, ಅಪೂರ್ಣ. ಸುಳ್ಳಲ್ಲ."

ಅವರು ಪ್ರಾಜೆಕ್ಟು ಮುಚ್ಚಿ ಪಕ್ಕಕ್ಕಿಟ್ಟರು. ಒಳ್ಳೆಯದೋ ಕೆಟ್ಟದೋ ಮುಖದಲ್ಲಿ ಏನೂ ತೋರಿಸಲಿಲ್ಲ.

ಪಾಸಾದೆ. ವರ್ಷ ಉಳಿಯಿತು. ಆದರೆ ಪ್ರಾಜೆಕ್ಟಿನಲ್ಲಿ ಇಡೀ ಕ್ಲಾಸಿಗೆ ಕಡಿಮೆ ಅಂಕ ಬಂದದ್ದು ನನಗೇ. ಪೇಪರಿನ ಅಂಕಿ ತಂದು ಕೊನೆಯದನ್ನು ತಿದ್ದಿದವರಿಗೆ ಎಲ್ಲರಿಗಿಂತ ಹೆಚ್ಚು ಬಂತು. ಅವರ ಹೆಸರು ಹೇಳುವುದಿಲ್ಲ. ಅವರೂ ಈಗ ಮೇಷ್ಟ್ರಾಗಿದ್ದಾರೆ. ನಾನು ಆ ದಿನ ಅಳಲಿಲ್ಲ, ಸಂತೋಷವನ್ನೂ ಪಡಲಿಲ್ಲ. ಸಿಟ್ಟಿತ್ತು. ಸಿಟ್ಟಿನಲ್ಲೇ ಊರಿಗೆ ಬಸ್ಸು ಹತ್ತಿದೆ. ಅಪ್ಪ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಪಾಸು ಅಂತ ಬರ್ದೈತಲ್ಲ, ಮತ್ತಿನ್ನೇನು," ಎಂದು ದೇವರ ಗೂಡಿನಲ್ಲಿಟ್ಟರು.

ಚಳಿ ಶುರುವಾಗಿ ಗಾಳಿ ಒಣಗಿದ ಮೇಲೆ, ಪಂಪು ರಿಪೇರಿಯಾಗಿ ಬಂದಿದೆ ಎಂದು ಸಿದ್ದಲಿಂಗಣ್ಣ ಫೋನು ಮಾಡಿದರು. ಯಾರೂ ಹೇಳಿ ಮಾಡಿಸಿದ ಫೋನಲ್ಲ. "ನಿಮ್ ಬಾಟ್ಲಿ ಅಂಗೇ ಐತೆ ಕಣಮ್ಮ. ಈ ಸಲ ನಾನ್ ಮುಟ್ಟಿಲ್ಲ," ಎಂದರು.

ಮಾರನೆಯ ದಿನವೇ ಹೋದೆ. ನಾನು ನೀರು ಬೆರೆಸದೆ ಬಾಟಲಿಯಲ್ಲಿ ಉಳಿಸಿದ್ದ ದ್ರವವನ್ನು ಪಂಪಿಗೆ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಎಳೆಸುತ್ತಾ, ಪ್ರತಿ ಸಲ ನಿಲ್ಲಿಸಿ ತೂಗಿ, ಕೊಳವೆಯಲ್ಲಿ ಇಳಿಸಿ ಅಳೆಯುತ್ತಾ ಬಂದೆ. ಶಬಾನಾ ಶಿರಾದಿಂದ ಬಸ್ಸು ಹತ್ತಿ ಬಂದು ಸ್ಟಾಪ್‌ವಾಚು ಹಿಡಿದಳು. ನಾಳೆಯಿಂದ ಬರಲ್ಲ ನೋಡು ಎಂದು ಪ್ರತಿದಿನ ಹೇಳಿ, ಪ್ರತಿದಿನ ಬಂದಳು. ಖಾಲಿ ಜಾಗದಲ್ಲಿ ಒಂದೊಂದೇ ಚುಕ್ಕಿ ಬಿತ್ತು. ಅಲ್ಲಿ ಇದ್ದದ್ದು ನೇರ ಗೆರೆಯಲ್ಲ. ಗ್ರಾಫಿನಲ್ಲಿ ಅತಿ ಕಡಿದಾದ ಇಳಿಜಾರು ಇದ್ದದ್ದು ಅಲ್ಲೇ. ಮೊದಲ ಹನಿಗಳೇ ದ್ರವವನ್ನು ಎಲ್ಲಕ್ಕಿಂತ ಹೆಚ್ಚು ಸಡಿಲಿಸಿದ್ದವು. ಸರ್ ಹೇಳಿದ ಹಾಗೆ ಮೇಲಿಂದ ಕೆಳಕ್ಕೆ ಗೆರೆ ಎಳೆದು ಜೋಡಿಸಿದ್ದರೆ, ಅಷ್ಟೂ ಇಳಿಜಾರನ್ನು ಮಣ್ಣು ಹಾಕಿ ಮುಚ್ಚಿದ ಹಾಗಾಗುತ್ತಿತ್ತು.

ರುದ್ರೇಶ್ ಸರ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಈಗ ಯಾರಿಗ್ ಕೊಡ್ತೀಯ? ಅಂಕ ಬಂದಾಯ್ತು, ಬೈಂಡಿಂಗ್ ಆಯ್ತು."

"ಯಾರಿಗೂ ಇಲ್ಲ ಸರ್. ಅಲ್ಲೇನಿತ್ತು ಅಂತ ನೋಡ್ಬೇಕಿತ್ತು. ನೋಡ್ದೆ."

ಅವರು ಎದ್ದು ಹೋಗಿ ಕಪಾಟು ತೆಗೆದು, ಲೈಬ್ರರಿಗೆಂದು ಕೊಟ್ಟಿದ್ದ ನನ್ನ ಪ್ರಾಜೆಕ್ಟಿನ ಪ್ರತಿ ತಂದರು. ಆ ಪುಟ ತೆರೆದು ಮೇಜಿನ ಮೇಲಿಟ್ಟು, ಜೇಬಿನಿಂದ ತಮ್ಮದೇ ಪೆನ್ನು ತೆಗೆದು ನನ್ನ ಕಡೆ ಚಾಚಿದರು.

"ತಗೋ. ಇದ್ರಲ್ಲೂ ಹಾಕು. ಈಗ ನಿಂದೇ ಅಳತೆ ಐತಲ್ಲ. ಪೂರ್ತಿ ಆಗ್ಲಿ."

ಪೆನ್ನು ತೆಗೆದುಕೊಳ್ಳಬೇಕೆಂದು ಆಸೆಯೇನೋ ಆಯಿತು.

"ಬ್ಯಾಡ ಸರ್," ಎಂದೆ. "ಇದು ಅವತ್ತಿಂದು. ಅವತ್ತು ಖಾಲಿ ಇತ್ತು. ಖಾಲೀನೇ ಇರ್ಲಿ."